ಪರೀಕ್ಷೆ ಕೊಟ್ಟಿದ್ದೀರಿ, ಪಾಠವನ್ನೂ ಕೊಡಿ: ಗಣಿತದ ಮುಂದೆ ನಿಂತ ವಯಸ್ಕರ ಪರವಾಗಿ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಅಧ್ಯಕ್ಷರಿಗೆ ಹಾಗೂ ಲೋಕ ಶಿಕ್ಷಣದ ಹೊಣೆ ಹೊತ್ತ ಅಧಿಕಾರಿಗಳಿಗೆ,

ವಂದನೆಗಳು.

ನಾನು ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಸಹಾಯಕಿ. ವಯಸ್ಸು ನಲವತ್ತೆರಡು. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿ ಮೂರು ಭಾಷೆ, ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿ ಪಾಸಾಗಿದ್ದೇನೆ. ಗಣಿತ ಉಳಿದಿದೆ. ಕೃಪಾಂಕ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ವಯಸ್ಸಾದ ಮೇಲೆ ಓದಲು ಹೊರಟವರಿಗೆ ಸರ್ಕಾರ ಪರೀಕ್ಷೆಯನ್ನು ಕೊಟ್ಟಿದೆ, ಪಾಠವನ್ನು ಕೊಟ್ಟಿಲ್ಲ. ಆ ಪಾಠವನ್ನು, ಅದರಲ್ಲೂ ಗಣಿತದ ಪಾಠವನ್ನು ಕೊಡಿ ಎಂದು ಕೇಳುತ್ತಿದ್ದೇನೆ.

ಹೀಗೆ ಕೇಳುವವಳು ನಾನೊಬ್ಬಳೇ ಅಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0 ಮಾರ್ಗಸೂಚಿಯಲ್ಲಿ ಸಹಾಯಕಿಗೆ ಹತ್ತನೇ ತರಗತಿ, ಕಾರ್ಯಕರ್ತೆಗೆ ಹನ್ನೆರಡನೇ ತರಗತಿ ಆಗಿರಬೇಕು ಎಂದಿದೆ. ಕಾರ್ಯಕರ್ತೆಯರ ಹುದ್ದೆಗಳಲ್ಲಿ ಅರ್ಧದಷ್ಟನ್ನು ಐದು ವರ್ಷ ಸೇವೆ ಮಾಡಿದ ಸಹಾಯಕಿಯರಿಗೆ ಬಡ್ತಿ ಕೊಟ್ಟು ತುಂಬಬೇಕು ಎಂದೂ ಅದರಲ್ಲಿದೆ. ನಾನು ಕೆಲಸಕ್ಕೆ ಸೇರಿದಾಗ ಏಳನೇ ತರಗತಿಯ ಓದು ಸಾಕಾಗಿತ್ತು. ಈಗ ಬಡ್ತಿಯ ಬಾಗಿಲು ತೆರೆದಿದೆ, ಹೊಸ್ತಿಲಿನಲ್ಲಿ ಅಂಕಪಟ್ಟಿ ಕೇಳುತ್ತಾರೆ. ಇದರಲ್ಲಿ ನನಗೆ ಅಸಮಾಧಾನವಿಲ್ಲ. ಮಕ್ಕಳ ಮೊದಲ ಅಕ್ಷರ, ಮೊದಲ ಎಣಿಕೆ ನಮ್ಮ ಕೈಯಲ್ಲಿ ನಡೆಯುವಾಗ ನಾವು ಓದಿರಬೇಕು ಎಂಬುದು ನ್ಯಾಯವೇ. ನಮ್ಮ ಅಂಗನವಾಡಿ ವೃತ್ತದಲ್ಲಿಯೇ ಹೀಗೆ ಓದಲು ಕೂತ ಸಹಾಯಕಿಯರಿದ್ದಾರೆ. ನಾನು ಪರೀಕ್ಷೆ ಬರೆದ ಕೊಠಡಿಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಗಳೊಬ್ಬಳಿದ್ದಳು, ಹೋಂ ಗಾರ್ಡ್ ಒಬ್ಬರಿದ್ದರು, ಆಟೋ ಓಡಿಸುವವರೊಬ್ಬರಿದ್ದರು. ಹೊರಗೆ ಬಂದು ಮಾತಾಡಿಕೊಂಡಾಗ ಎಲ್ಲರ ಬಾಯಲ್ಲೂ ಒಂದೇ ಮಾತು: ಮಿಕ್ಕಿದ್ದನ್ನು ಹೇಗೋ ಓದಿಕೊಳ್ಳಬಹುದು, ಗಣಿತಕ್ಕೆ ಏನು ಮಾಡುವುದು?

ಹೌದು, ಮಿಕ್ಕ ವಿಷಯಗಳನ್ನು ಒಬ್ಬರೇ ಕೂತು ಓದಬಹುದು. ಕನ್ನಡದ ಪದ್ಯ ಎರಡು ಸಲ ಓದಿದರೆ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ಸಮಾಜ ವಿಜ್ಞಾನದಲ್ಲಿ ಮೈಸೂರು ಸಂಸ್ಥಾನದ ಪಾಠ ಬಿಟ್ಟುಹೋದರೂ ಬ್ಯಾಂಕ್ ವ್ಯವಹಾರದ ಪಾಠ ಓದಲು ಅಡ್ಡಿಯಿಲ್ಲ. ಗಣಿತದಲ್ಲಿ ಹಾಗಾಗುವುದಿಲ್ಲ. ಹತ್ತನೇ ತರಗತಿಯ ವರ್ಗ ಸಮೀಕರಣ ತಿಳಿಯಬೇಕಾದರೆ ಒಂಬತ್ತನೆಯದರ ಬಹುಪದೋಕ್ತಿ ಬೇಕು, ಅದಕ್ಕೆ ಎಂಟನೆಯದರ ಬೀಜಗಣಿತ ಬೇಕು, ಅದಕ್ಕೆ ಏಳನೆಯದರ ಪೂರ್ಣಾಂಕ, ಭಿನ್ನರಾಶಿ ಬೇಕು. ನಾನು ಏಳನೇ ತರಗತಿ ಮುಗಿಸಿದ ವರ್ಷ ಹೈಸ್ಕೂಲು ದೂರವಿತ್ತು, ಬಸ್ಸಿರಲಿಲ್ಲ, ಮನೆಯಲ್ಲಿ ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಅಲ್ಲಿಗೆ ಓದು ನಿಂತಿತು. ನಡುವಿನ ಎರಡು ತರಗತಿಗಳ ಗಣಿತ ನನಗೆ ಸಿಕ್ಕಿಯೇ ಇಲ್ಲ, ಅದಕ್ಕೂ ಮೊದಲು ಕಲಿತದ್ದು ಮಾಸಿಹೋಗಿದೆ. ಖಾಸಗಿ ಅಭ್ಯರ್ಥಿಯ ಅರ್ಜಿ ತುಂಬಿದ ದಿನ ನನ್ನ ಕೈಗೆ ಬಂದದ್ದು ನೇರವಾಗಿ ಹತ್ತನೇ ತರಗತಿಯ ಪುಸ್ತಕ.

ಶಿಕ್ಷಣ ಹಕ್ಕು ಕಾಯ್ದೆಯನ್ನು ನೀವೆಲ್ಲ ನನಗಿಂತ ಚೆನ್ನಾಗಿ ಬಲ್ಲಿರಿ. 2009ರ ಆ ಕಾಯ್ದೆಯ ನಾಲ್ಕನೇ ಸೆಕ್ಷನ್ ಏನು ಹೇಳುತ್ತದೆ? ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಜೊತೆಯವರ ಸಮಕ್ಕೆ ಬರಲು ಅದಕ್ಕೆ ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ. ಬಿಟ್ಟು ಬಂದವರು ನೇರವಾಗಿ ಮೇಲಿನ ತರಗತಿಯಲ್ಲಿ ಕೂತರೆ ಕಲಿಯಲಾರರು ಎಂಬುದನ್ನು ಕಾನೂನೇ ಒಪ್ಪಿಕೊಂಡಿದೆ. ಇಷ್ಟೇ ಅಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ವರ್ಷದ ಆರಂಭಕ್ಕೆ ಸೇತುಬಂಧ ನಡೆಯುತ್ತದೆ. ಬೇಸಿಗೆ ರಜೆ ಮುಗಿಸಿ ಬಂದ ಮಕ್ಕಳಿಗೆ ಹಿಂದಿನ ತರಗತಿಯ ಪಾಠ ನೆನಪಿದೆಯೇ ಎಂದು ಪರೀಕ್ಷಿಸಿ, ಮರೆತದ್ದನ್ನು ಕಲಿಸಿ, ಆಮೇಲೆ ಹೊಸ ಪಾಠಕ್ಕೆ ಹೋಗುತ್ತಾರೆ. ನನ್ನ ಮಗ ಹೈಸ್ಕೂಲಿನಲ್ಲಿದ್ದಾಗ ಅವನ ಸೇತುಬಂಧದ ಹಾಳೆಗಳನ್ನು ನೋಡಿದ್ದೇನೆ. ಎರಡು ತಿಂಗಳ ರಜೆಗೆ ಒಂದು ಸೇತುವೆ ಬೇಕು ಎಂದು ತಿಳಿದ ಇಲಾಖೆಗೆ, ಮೂವತ್ತು ವರ್ಷದ ಬಿಡುವಿಗೂ ಒಂದು ಬೇಕು ಎಂದು ಹೇಳಿಕೊಡಬೇಕಾಗಿಲ್ಲ. ಕಾಯ್ದೆ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಮಾತ್ರ ಎನ್ನುತ್ತೀರಿ. ಕಾಯ್ದೆಯ ವಯಸ್ಸು ಅಲ್ಲಿಗೆ ಮುಗಿಯಬಹುದು, ಅದು ಒಪ್ಪಿಕೊಂಡ ಸತ್ಯ ಹದಿನೈದನೇ ವರ್ಷಕ್ಕೆ ಬದಲಾಗುವುದಿಲ್ಲ.

ಅರ್ಥವಾಗದಿರುವುದು ಎಂದರೆ ಏನು ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ಗಣಿತ ಚೆನ್ನಾಗಿ ಬಲ್ಲವರು ಅದನ್ನು ಮರೆತಿರುತ್ತಾರೆ. ಪುಸ್ತಕದಲ್ಲಿ ಒಂದು ವರ್ಗ ಸಮೀಕರಣವಿದೆ ಎಂದುಕೊಳ್ಳಿ: ಎಕ್ಸ್ ವರ್ಗ, ಅದರಿಂದ 5 ಎಕ್ಸ್ ಕಳೆದು, 6 ಕೂಡಿದರೆ ಸೊನ್ನೆ. ಗೈಡಿನಲ್ಲಿ ಮುಂದಿನ ಸಾಲು 'ಮಧ್ಯಪದವನ್ನು ವಿಭಜಿಸಿದಾಗ' ಎಂದು ಶುರುವಾಗುತ್ತದೆ. ಮೈನಸ್ 5 ಇದ್ದದ್ದು ಮೈನಸ್ 2 ಮತ್ತು ಮೈನಸ್ 3 ಆಗಿಬಿಡುತ್ತದೆ. ಯಾಕೆ 2 ಮತ್ತು 3? 1 ಮತ್ತು 4 ಯಾಕಲ್ಲ? ಗುಣಿಸಿದರೆ 6 ಬರಬೇಕು, ಕೂಡಿದರೆ ಮೈನಸ್ 5 ಬರಬೇಕು, ಅದಕ್ಕೆ. ಸರಿ, ಆದರೆ ಮೈನಸ್ 2ನ್ನು ಮೈನಸ್ 3ರಿಂದ ಗುಣಿಸಿದರೆ ಪ್ಲಸ್ 6 ಹೇಗಾಯಿತು? ಎರಡು ಇಲ್ಲಗಳು ಸೇರಿ ಇದೆ ಎಂದಾಗುವುದು ಹೇಗೆ? ಇದು ಏಳನೇ ತರಗತಿಯ ಪ್ರಶ್ನೆ. ಹತ್ತನೇ ತರಗತಿಯ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ನಾನು ವಾರಗಟ್ಟಲೆ ನಿಂತದ್ದು ಇಲ್ಲಿಯೇ. ಹೊರಗಿನವರಿಗೆ ಇದು ವರ್ಗ ಸಮೀಕರಣದ ಕಷ್ಟವಾಗಿ ಕಾಣುತ್ತದೆ, ತೊಡಕು ಇರುವುದು ಮೂರು ತರಗತಿ ಕೆಳಗೆ.

ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಈ ಗಂಟನ್ನು ಬಿಡಿಸಿದರು. ಪೇಟೆಗೆ ಹೋಗುವ ಬಸ್ಸು ಕಾಯುತ್ತ ನಿಂತಿದ್ದಾಗ ಕೇಳಿದೆ. ಅವರು ನನ್ನ ಸಂಘದ ಪಾಸ್‌ಬುಕ್ಕನ್ನೇ ತೆರೆಸಿದರು. "ತಿಂಗಳಿಗೆ 200 ರೂಪಾಯಿ ಕಂತು ನಿಮ್ಮ ಕೈಬಿಟ್ಟು ಹೋಗುತ್ತದೆ, ಅಲ್ಲವೇ ತಾಯಿ? ಅದು ಮೈನಸ್ 200. ಮುಂದಿನ ಮೂರು ತಿಂಗಳಿಗೆ ನಿಮ್ಮ ಕೈಯಲ್ಲಿರುವುದು ಎಷ್ಟು ಕಡಿಮೆಯಾಗುತ್ತದೆ?" 600 ಎಂದೆ. "ಈಗ ಹಿಂದಕ್ಕೆ ಹೋಗಿ. ಮೂರು ತಿಂಗಳ ಹಿಂದೆ ನಿಮ್ಮ ಕೈಯಲ್ಲಿ ಇವತ್ತಿಗಿಂತ ಎಷ್ಟಿತ್ತು?" 600 ಹೆಚ್ಚಿತ್ತು ಎಂದೆ. "ಹಿಂದಕ್ಕೆ ಹೋದದ್ದು ಮೈನಸ್ 3. ಹೋಗುವ ಹಣ ಮೈನಸ್ 200. ಎರಡನ್ನೂ ಗುಣಿಸಿದರೆ ಪ್ಲಸ್ 600. ನೀವೇ ಹೇಳಿದಿರಿ, ನಾನು ಹೇಳಲಿಲ್ಲ." ಬಸ್ಸು ಬರುವುದರೊಳಗೆ ಪಾಠ ಮುಗಿದಿತ್ತು. ಆ ರಾತ್ರಿ ಅಭ್ಯಾಸದ ಲೆಕ್ಕಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದೆ. ಚಿಹ್ನೆಯ ಬಗ್ಗೆ ಮತ್ತೆ ಯಾವ ದಿನವೂ ಅನುಮಾನ ಬರಲಿಲ್ಲ.

ನನ್ನ ಮಿದುಳಿಗೆ ವಯಸ್ಸಾಗಿದೆ ಎಂದು ಹೇಳಿದವರಿದ್ದಾರೆ. ಅರ್ಜಿ ತುಂಬಲು ಹೋದ ಕಡೆ "ಈ ವಯಸ್ಸಿನಲ್ಲಿ ಯಾಕಮ್ಮ ಇದೆಲ್ಲ" ಎಂಬ ಮಾತನ್ನೂ ಕೇಳಿದ್ದೇನೆ. ಆ ಮೇಷ್ಟ್ರ ಹತ್ತು ನಿಮಿಷದ ಪಾಠವೇ ಅದಕ್ಕೆ ಉತ್ತರ. ತಿಳಿದವರು ಎದುರಿಗಿದ್ದು, ನಾನು ನಿಂತ ಮೆಟ್ಟಿಲಿಗೆ ಇಳಿದು ಬಂದು ಹೇಳಿದರೆ ನಲವತ್ತೆರಡರ ತಲೆಗೂ ಹತ್ತುತ್ತದೆ. ಆದರೆ ಅಂಥವರು ಸಿಗುವುದು ಬಸ್ ನಿಲ್ದಾಣದ ಅದೃಷ್ಟವಾಗಬಾರದು. ಎಲ್ಲ ಊರಿನಲ್ಲೂ ನಿವೃತ್ತ ಗಣಿತ ಮೇಷ್ಟ್ರು ಇರುವುದಿಲ್ಲ, ಇದ್ದರೂ ಎಲ್ಲ ಹೆಂಗಸರಿಗೂ ಹೋಗಿ ಕೇಳುವ ಧೈರ್ಯ ಇರುವುದಿಲ್ಲ. ಟ್ಯೂಷನ್‌ಗಳು ಮಕ್ಕಳಿಗೆ ನಡೆಯುತ್ತವೆ. ಯೂಟ್ಯೂಬಿನಲ್ಲಿ ಒಳ್ಳೆಯ ಕನ್ನಡ ಪಾಠಗಳಿವೆ, ನಾನೂ ನೋಡುತ್ತೇನೆ. ಅಲ್ಲಿ ಕೈಯೆತ್ತಿ 'ಮೈನಸ್ ಯಾಕೆ ಪ್ಲಸ್ ಆಯಿತು' ಎಂದು ಕೇಳಲು ಆಗುವುದಿಲ್ಲ.

ವಯಸ್ಕರಿಗೆ ಗಣಿತ ಕಲಿಸುವುದು ಹೊಸದಾಗಿ ಅಡಿಪಾಯ ತೋಡುವ ಕೆಲಸವಲ್ಲ. ನಮ್ಮಲ್ಲಿ ಈಗಾಗಲೇ ಬಹಳಷ್ಟು ಇದೆ, ಅದನ್ನು ಪುಸ್ತಕದ ಭಾಷೆಗೆ ಜೋಡಿಸುವವರು ಬೇಕು. ಭಿನ್ನರಾಶಿಯನ್ನೇ ನೋಡಿ. ಅರ್ಧಕ್ಕೆ ಕಾಲು ಕೂಡಿಸಲು ಛೇದಗಳನ್ನು ಸಮ ಮಾಡಿಕೊಳ್ಳಿ ಎಂದು ಪುಸ್ತಕ ಹೇಳಿದಾಗ ನನಗೆ ದಿಕ್ಕು ತೋಚುತ್ತಿರಲಿಲ್ಲ. ನಮ್ಮ ಅವ್ವ ಅರ್ಧ ಸೇರು ರಾಗಿಗೆ ಒಂದು ಪಾವು ಸೇರಿಸಿ ಮೂರು ಪಾವು ಎನ್ನುತ್ತಿದ್ದರು. ನಾಲ್ಕು ಪಾವಿಗೆ ಒಂದು ಸೇರು, ಆದ್ದರಿಂದ ಅರ್ಧ ಸೇರನ್ನು ಮನಸ್ಸಿನಲ್ಲೇ ಎರಡು ಪಾವು ಮಾಡಿಕೊಂಡು ಕೂಡಿಸುತ್ತಿದ್ದರು. ಛೇದ ಸಮ ಮಾಡುವುದೆಂದರೆ ಅದೇ ತಾನೇ? ಶಾಲೆಯ ಮುಖ ನೋಡದ ಅವ್ವ ಅದನ್ನು ದಿನವೂ ಮಾಡುತ್ತಿದ್ದರು. ನಮ್ಮ ಅಜ್ಜನ ಕಾಲದ ಕೂಲಿಮಠಗಳಲ್ಲಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರಂತೆ, ಸಂತೆಯ ಲೆಕ್ಕಕ್ಕೆ ಬೇಕಾದದ್ದು ಅದು.

ಅಂಗನವಾಡಿಯ ಬೆಳವಣಿಗೆ ನಕ್ಷೆಯನ್ನು ನೀವು ನೋಡಿರಬಹುದು. ಅಡ್ಡಗೆರೆಯ ಮೇಲೆ ಮಗುವಿನ ವಯಸ್ಸು ತಿಂಗಳುಗಳಲ್ಲಿ, ನೆಟ್ಟಗಿನ ಗೆರೆಯ ಮೇಲೆ ತೂಕ ಕಿಲೋಗಳಲ್ಲಿ. ಎರಡೂ ಕೂಡುವ ಕಡೆ ಒಂದು ಚುಕ್ಕಿ. ಈಗ ಪೋಷಣ್ ಟ್ರ್ಯಾಕರ್ ಬಂದ ಮೇಲೆ ಮೊಬೈಲೇ ಲೆಕ್ಕ ಹಾಕುತ್ತದೆ, ಆದರೆ ವರ್ಷಾನುಗಟ್ಟಲೆ ಆ ಚುಕ್ಕಿಯನ್ನು ಕೈಯಿಂದ ಇಟ್ಟಿದ್ದೇವೆ. ನಮ್ಮ ಟೀಚರ್ ರಜೆಯಲ್ಲಿದ್ದಾಗ ಮಗುವನ್ನು ತಕ್ಕಡಿಯಲ್ಲಿ ಕೂರಿಸಿ, ಅಳು ನಿಲ್ಲಿಸಿ, ಮುಳ್ಳು ನಿಂತ ಮೇಲೆ ತೂಕ ಓದಿ ಚುಕ್ಕಿ ಇಟ್ಟವಳು ನಾನು. ಒಂದು ವರ್ಷದ ಹೆಣ್ಣುಮಗು 8.9 ಕಿಲೋ ಇದ್ದರೆ ನಡುಗೆರೆಯ ಮೇಲೆ ಕೂರುತ್ತದೆ. 7 ಕಿಲೋಗಿಂತ ಇಳಿದರೆ ಹಳದಿ ಪಟ್ಟಿ, 6.3ಕ್ಕಿಂತ ಇಳಿದರೆ ಕಿತ್ತಳೆ ಪಟ್ಟಿ, ಅಂದರೆ ಆ ಮಗುವಿನ ಮನೆಗೆ ಅಂದೇ ಹೋಗಬೇಕು. ಹತ್ತನೇ ತರಗತಿಯ ಪುಸ್ತಕದಲ್ಲಿ ನಿರ್ದೇಶಾಂಕ ರೇಖಾಗಣಿತ ಎಂಬ ಪಾಠ ಬಂದಾಗ ಅದರ ಹೆಸರಿಗೇ ಹೆದರಿ ಹಾಳೆ ಮಗುಚಿದ್ದೆ. ತಿಂಗಳಾದ ಮೇಲೆ ತಿಳಿಯಿತು, ಆ ಪಾಠದ ಮೊದಲ ಮೆಟ್ಟಿಲು ನಮ್ಮ ನಕ್ಷೆಯ ಚುಕ್ಕಿಯೇ ಎಂದು. ಸಂಖ್ಯಾಶಾಸ್ತ್ರದ ಪಾಠದಲ್ಲಿ ಮಧ್ಯಾಂಕ ಎಂದು ಬರುತ್ತದಲ್ಲ, ನಕ್ಷೆಯ ನಡುಗೆರೆ ಅದೇ. ತೂಕದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದ ಮಕ್ಕಳಲ್ಲಿ ನಡುವಿನ ಮಗುವಿನ ತೂಕ. ಇದನ್ನು ಒಬ್ಬ ಶಿಕ್ಷಕರು ಮೊದಲ ದಿನವೇ ಹೇಳಿದ್ದರೆ ಎರಡು ಪಾಠಗಳ ಭಯ ಒಂದೇ ಮಾತಿಗೆ ಹೋಗುತ್ತಿತ್ತು.

ಇನ್ನೊಂದು ಲೆಕ್ಕವನ್ನು ಪೂರ್ತಿಯಾಗಿ ನಿಮ್ಮ ಮುಂದಿಡುತ್ತೇನೆ. ಗಣಿತ ನಮಗೆ ಅಂಕಪಟ್ಟಿಗಷ್ಟೇ ಬೇಕಾದದ್ದಲ್ಲ ಎಂಬುದು ಅದರಿಂದ ತಿಳಿಯುತ್ತದೆ.

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ 10,000 ರೂಪಾಯಿ ಸಾಲ ತೆಗೆದುಕೊಂಡರೆ ತಿಂಗಳಿಗೆ 1,000ದಂತೆ ಹತ್ತು ಕಂತು. ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ಉಳಿದ ಅಸಲಿನ ಮೇಲೆ ಮಾತ್ರ. ಮೊದಲ ತಿಂಗಳು 100, ಎರಡನೇ ತಿಂಗಳು 90, ಆಮೇಲೆ 80, ಹೀಗೆ ಕೊನೆಯ ತಿಂಗಳು 10. ಒಟ್ಟು ಬಡ್ಡಿ ಎಷ್ಟು? ನಾವು ಹೆಂಗಸರು ಜೋಡಿ ಕಟ್ಟಿ ಕೂಡುತ್ತೇವೆ. ಮೊದಲನೆಯ 100 ಕೊನೆಯ 10ರ ಜೊತೆ 110. ಎರಡನೆಯ 90 ಒಂಬತ್ತನೆಯ 20ರ ಜೊತೆ 110. ಇಂಥ ಐದು ಜೋಡಿ, 550. ಪುಸ್ತಕದ ಸಮಾಂತರ ಶ್ರೇಢಿ ಇದೇ: ಮೊದಲ ಪದ 100, ಸಾಮಾನ್ಯ ವ್ಯತ್ಯಾಸ ಮೈನಸ್ 10, ಪದಗಳು ಹತ್ತು. ಮೊದಲ ಪದ, ಕೊನೆಯ ಪದ ಕೂಡಿಸಿ ಪದಗಳ ಸಂಖ್ಯೆಯ ಅರ್ಧದಿಂದ ಗುಣಿಸಿ ಎಂಬ ಸೂತ್ರ ನಾವು ಕಟ್ಟುವ ಜೋಡಿಯೇ. ಇದನ್ನು ಕಂಡುಕೊಂಡ ದಿನ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಇಪ್ಪತ್ತು ವರ್ಷ ಮಾಡಿದ ಕೆಲಸಕ್ಕೆ ಪುಸ್ತಕದಲ್ಲಿ ಜಾಗವಿದೆ ಎಂದು ತಿಳಿದ ಸಂತೋಷ ಅದು.

ಅದೇ 10,000ವನ್ನು ಹಳ್ಳಿಗೆ ಬಂದು ಸಾಲ ಕೊಡುವವರಿಂದ ಪಡೆದರೆ ಕೆಲವು ಕಡೆ ಲೆಕ್ಕ ಬೇರೆ. "ನಮ್ಮದೂ ನೂರಕ್ಕೆ ಒಂದೇ ರೂಪಾಯಿ ಅಕ್ಕ" ಎನ್ನುತ್ತಾರೆ. ಆದರೆ ಬಡ್ಡಿಯನ್ನು ಪೂರ್ತಿ 10,000ದ ಮೇಲೆ ಹತ್ತೂ ತಿಂಗಳು ಹಾಕುತ್ತಾರೆ. ತಿಂಗಳಿಗೆ 100ರಂತೆ 1,000. ಒಂದೇ ದರ, ಒಂದೇ ಅವಧಿ, ಒಂದೇ ಸಾಲ. 450 ರೂಪಾಯಿ ಹೆಚ್ಚು. ಒಂದೇ ದರ ಎಂದು ನಂಬಿ ಸಂಘ ಬಿಟ್ಟು ಅಲ್ಲಿಗೆ ಹೋದ ಮನೆಗಳು ನಮ್ಮ ಬೀದಿಯಲ್ಲಿವೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಹಳ ಒಳ್ಳೆಯ ಕೆಲಸ, ಅದರಿಂದ ಬಾಗಿಲಿಗೆ ಬಂದು ಕೂಗಾಡುವುದಕ್ಕೆ ಕಡಿವಾಣ ಬೀಳುತ್ತದೆ. ಸಹಿ ಹಾಕುವ ಮೊದಲೇ 550ಕ್ಕೂ 1,000ಕ್ಕೂ ಇರುವ ಅಂತರವನ್ನು ಕಾಣುವ ಶಕ್ತಿಯನ್ನು ಆ ಕಾನೂನು ಕೊಡಲಾರದು. ಅದನ್ನು ಕೊಡಬೇಕಾದದ್ದು ನಿಮ್ಮ ಇಲಾಖೆ.

ಆದ್ದರಿಂದಲೇ ಗಣಿತವನ್ನು ಬಿಟ್ಟು ಪಾಸಾಗುವ ದಾರಿ ಹೇಳಿದವರಿಗೆ ನಾನು ಒಪ್ಪಲಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಗಣಿತ ತೆಗೆದುಕೊಳ್ಳದೆ ಬೇರೆ ವಿಷಯಗಳನ್ನು ಆಯ್ದು ಹತ್ತನೇ ತರಗತಿ ಮುಗಿಸಬಹುದು. ಅವಸರದಲ್ಲಿ ಇರುವವರಿಗೆ ಆ ದಾರಿ ಬೇಕು, ಅದನ್ನು ಹಿಡಿದವರನ್ನು ನಾನು ಗೌರವಿಸುತ್ತೇನೆ. ನನಗೆ ಮಾತ್ರ ಗಣಿತ ಬೇಕು. ಕಾರ್ಯಕರ್ತೆಯಾಗಿ ನಾಳೆ ಮಕ್ಕಳ ನಕ್ಷೆ ಓದುವವಳು ನಾನು, ತಾಯಂದಿರಿಗೆ ಸಂಘದ ಲೆಕ್ಕ ಬಿಡಿಸಿ ಹೇಳುವವಳು ನಾನು.

ಇದೇ ಕಾರಣಕ್ಕೆ 'ಪಾಸಿಂಗ್ ಪ್ಯಾಕೇಜ್' ಬಗ್ಗೆಯೂ ನನಗೆ ತಕರಾರಿದೆ. ಇಂಥ ಪ್ರಮೇಯ, ಇಂಥ ನಕ್ಷೆ, ಇಂಥ ನಾಲ್ಕು ಮಾದರಿಯ ಲೆಕ್ಕ ಕಲಿತರೆ ಸಾಕು, ಮೂವತ್ತೈದು ಬರುತ್ತದೆ ಎನ್ನುವ ಹಾಳೆಗಳು ಕೈಯಿಂದ ಕೈಗೆ ಓಡಾಡುತ್ತವೆ. ನನಗೂ ಕೊಟ್ಟರು. ಮೂಲ ಸಮಾನುಪಾತತೆಯ ಪ್ರಮೇಯವನ್ನು ಚಿತ್ರದ ಸಮೇತ ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಅದೇ ಪ್ರಮೇಯವನ್ನು ಬಳಸುವ ಲೆಕ್ಕವೊಂದು ತ್ರಿಭುಜದ ಹೆಸರು ಬದಲಾಯಿಸಿಕೊಂಡು ಬಂದಾಗ ಬಾಯಿಪಾಠ ಕೈಕೊಟ್ಟಿತು. ಹದಿನಾರರ ಮಕ್ಕಳು ಮುಂದೆ ಪಿಯುಸಿಯಲ್ಲೋ ಐಟಿಐಯಲ್ಲೋ ಮತ್ತೆ ಕಲಿಯಬಹುದು. ನಮಗೆ ಬಹುಶಃ ಇದೇ ಕೊನೆಯ ಗಣಿತ. ಅದು ಬಾಯಿಪಾಠದಲ್ಲಿ ಮುಗಿಯಬಾರದು.

ಪಾಸಾಗಲು ಬೇಕಾದ ಅಂಕವನ್ನು ನೂರಕ್ಕೆ 35ರಿಂದ 33ಕ್ಕೆ ಇಳಿಸುವ ತೀರ್ಮಾನ ಬಂದಾಗ ನಮ್ಮ ಗುಂಪಿನಲ್ಲಿ ಖುಷಿಪಟ್ಟರು. ಖುಷಿ ಸಹಜ. 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆ ನಡೆಸಿದಾಗಲೂ ಹಾಗೆಯೇ ಆಗಿತ್ತು. ಈ ಎಲ್ಲ ಸುಧಾರಣೆಗಳೂ ಪರೀಕ್ಷೆಯ ಸುತ್ತಲೇ ಇವೆ ಎಂಬುದನ್ನು ಗಮನಿಸಿ. ಅಂಕ ಇಳಿಯಿತು, ಅವಕಾಶ ಹೆಚ್ಚಿತು, ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. ಎಷ್ಟು ಸಲ ಬರೆಯಲು ಬಿಟ್ಟರೂ ನಡುವೆ ಕಲಿಸುವವರಿಲ್ಲದಿದ್ದರೆ, ಬರದ ಲೆಕ್ಕ ಮೂರನೇ ಸಲವೂ ಬರುವುದಿಲ್ಲ.

ನಾನು ಕೇಳುತ್ತಿರುವುದು ಇದು. ಖಾಸಗಿ ಅಭ್ಯರ್ಥಿಗಳು ನೋಂದಾಯಿಸಿಕೊಳ್ಳುವ ಸರ್ಕಾರಿ ಪ್ರೌಢಶಾಲೆಯಲ್ಲಿಯೇ ಅವರಿಗೊಂದು ಗಣಿತದ ಸೇತುಬಂಧ ತರಗತಿ ನಡೆಸಿ. ನೋಂದಣಿಯ ದಿನವೇ ಒಂದು ಚಿಕ್ಕ ಪರೀಕ್ಷೆ ಕೊಟ್ಟು ಯಾರು ಎಲ್ಲಿ ನಿಂತಿದ್ದಾರೆ ಎಂದು ನೋಡಿ, ಅಲ್ಲಿಂದ ಹತ್ತಿಸಿ. ಕೆಲವರಿಗೆ ಭಾಗಾಕಾರದಿಂದ ಶುರುವಾಗಬೇಕು, ಕೆಲವರಿಗೆ ಸಮೀಕರಣದಿಂದ. ಭಾನುವಾರ ಬೆಳಗ್ಗೆ ನಡೆಸಿ. ವಾರದ ದಿನಗಳಲ್ಲಿ ನಮಗೆ ಕೇಂದ್ರದ ಕೆಲಸ, ಸಂಜೆ ಒಲೆಯ ಕೆಲಸ, ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಪಾಳಿ. ಭಾನುವಾರ ಶಾಲೆಯ ಕೊಠಡಿ ಖಾಲಿ ಇರುತ್ತದೆ. ಹೈಸ್ಕೂಲು ದೂರವಿರುವ ಕಡೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಗ್ರಂಥಾಲಯ ಇದೆ. ಚಿಕ್ಕ ಮಕ್ಕಳಿರುವ ತಾಯಂದಿರು ಮಕ್ಕಳನ್ನು ಕರೆದುಕೊಂಡೇ ಬರಲು ಬಿಡಿ, ಮಕ್ಕಳನ್ನು ಸುಧಾರಿಸುವುದು ನಮಗೆ ಗೊತ್ತು.

ಕಲಿಸುವವರು ಎಲ್ಲಿದ್ದಾರೆ ಎಂದು ಕೇಳಬಹುದು. ನಿವೃತ್ತ ಶಿಕ್ಷಕರಿದ್ದಾರೆ, ಗೌರವಧನ ಕೊಟ್ಟು ಕರೆದರೆ ಬರುತ್ತಾರೆ. ಬಿ.ಇಡಿ. ಓದುವ ಗಣಿತದ ವಿದ್ಯಾರ್ಥಿಗಳು ಅಭ್ಯಾಸಕ್ಕಾಗಿ ಶಾಲೆಗಳಿಗೆ ಹೋಗಿ ಪಾಠ ಮಾಡುತ್ತಾರೆ, ಅದರಲ್ಲಿ ಸ್ವಲ್ಪ ಭಾಗ ನಮಗೆ ಸಿಗಲಿ. ಆದರೆ ಬರುವವರಿಗೆ ಮೊದಲೇ ಒಂದು ಮಾತು ಹೇಳಿ ಕಳಿಸಿ. ನಾವು ತಪ್ಪು ಹೇಳಿದಾಗ ಹದಿನಾಲ್ಕರ ಮಗುವನ್ನು ಗದರಿಸುವಂತೆ ಗದರಿಸಬಾರದು. ಇಡೀ ಊರಿನ ಮಕ್ಕಳನ್ನು ಎತ್ತಿ ಆಡಿಸಿದ ಹೆಂಗಸಿಗೆ, ಅವಳೇ ಉಣಿಸಿ ಬೆಳೆಸಿದ ಹುಡುಗನ ಎದುರು 'ಇಷ್ಟೂ ಗೊತ್ತಿಲ್ಲವೇ' ಎಂದರೆ ಅವಳು ಮುಂದಿನ ವಾರ ಬರುವುದಿಲ್ಲ. ಕೋಪದಿಂದಲ್ಲ, ನಾಚಿಕೆಯಿಂದ. ನಮ್ಮಲ್ಲಿ ಓದು ಬಿಟ್ಟ ಎಷ್ಟೋ ಜನ ಬಡತನಕ್ಕೆ ಬಿಟ್ಟರು ಎನ್ನುತ್ತೇವೆ. ಗಣಿತದ ತರಗತಿಯ ಆ ನಾಚಿಕೆಗೆ ಬಿಟ್ಟವರೂ ಅವರ ನಡುವೆ ಇದ್ದಾರೆ, ನನ್ನ ಅಕ್ಕ ಅವರಲ್ಲಿ ಒಬ್ಬರು.

ಒಂದು ಪುಸ್ತಕವೂ ಬೇಕು. ಹತ್ತನೇ ತರಗತಿಯ ಪುಸ್ತಕವನ್ನು ಬದಲಿಸಿ ಎನ್ನುವುದಿಲ್ಲ, ಅದರ ಮೊದಲ ಪುಟಕ್ಕೆ ನಮ್ಮನ್ನು ತಲುಪಿಸುವ ತೆಳ್ಳಗಿನ ಕನ್ನಡ ಪುಸ್ತಕ ಸಾಕು. ಪೂರ್ಣಾಂಕ, ಭಿನ್ನರಾಶಿ, ದಶಮಾಂಶ, ಶೇಕಡಾ, ಸರಳ ಸಮೀಕರಣ. ಉದಾಹರಣೆಗಳು ಮಿಠಾಯಿ ಹಂಚುವ ಮಕ್ಕಳದ್ದಾಗಬಾರದು. ಒಬ್ಬೊಬ್ಬರಿಗೆ 150 ಮಿಲಿಲೀಟರಿನಂತೆ ಮೂವತ್ತು ಮಕ್ಕಳಿಗೆ ಕ್ಷೀರಭಾಗ್ಯದ ಹಾಲು ಎಷ್ಟು ಲೀಟರು ಕಾಯಿಸಬೇಕು? 36 ಅಂಗುಲ ಎದೆಸುತ್ತಿನ ರವಿಕೆಗೆ ನಾಲ್ಕನೇ ಒಂದು ಭಾಗದ ಅಳತೆ ಎಷ್ಟು? ನಾವು ದಿನವೂ ಬಿಡಿಸುವ ಲೆಕ್ಕಗಳಿವು. ಅಲ್ಲಿಂದ ಹಿಡಿದು ನಡೆಸಿದರೆ ಎಕ್ಸ್ ಎಂಬ ಅಕ್ಷರ ಕಂಡಾಗ ಎದೆ ಧಸಕ್ಕೆನ್ನುವುದಿಲ್ಲ.

ಹಣಕ್ಕೆ ಹೊಸ ಯೋಜನೆಯೇ ಬೇಕೆಂದೂ ಇಲ್ಲ. ಹದಿನೈದು ವರ್ಷ ಮೇಲ್ಪಟ್ಟವರಿಗಾಗಿ 2022ರಿಂದ 2027ರವರೆಗೆ ನಡೆಯುವ ಉಲ್ಲಾಸ್ ಕಾರ್ಯಕ್ರಮದ ಐದು ಭಾಗಗಳಲ್ಲಿ ಅಕ್ಷರ ಮತ್ತು ಅಂಕಿ ಕಲಿಕೆ ಒಂದಾದರೆ, ಪ್ರೌಢಶಾಲಾ ಮಟ್ಟದವರೆಗಿನ ಸಮಾನ ಶಿಕ್ಷಣವೂ ಒಂದು. ಸಹಿ ಮಾಡಲು ಕಲಿಸುವ ಕೆಲಸವನ್ನು ನಮ್ಮ ಹಳ್ಳಿಗಳಲ್ಲಿ ಕಂಡಿದ್ದೇವೆ. ಸಮಾನ ಶಿಕ್ಷಣದ ಭಾಗ ನಮ್ಮ ಕಡೆಗೆ ಇನ್ನೂ ಬಂದಿಲ್ಲ. ಅದನ್ನು ಈ ಸೇತುಬಂಧಕ್ಕೆ ಜೋಡಿಸುವುದು ನಿಮ್ಮ ಕೈಯಲ್ಲಿದೆ.

ಇದೆಲ್ಲ ಒಂದೇ ದಿನ ರಾಜ್ಯದ ತುಂಬ ಆಗಲಿ ಎಂದು ಕೇಳುವಷ್ಟು ತಿಳಿಗೇಡಿಗಳಲ್ಲ ನಾವು. ಅಂಗನವಾಡಿ ಯೋಜನೆಯೇ ನಮ್ಮ ರಾಜ್ಯಕ್ಕೆ 1975ರ ಅಕ್ಟೋಬರ್ 2ರಂದು ಬಂದಾಗ ಟಿ. ನರಸೀಪುರ ಎಂಬ ಒಂದೇ ತಾಲ್ಲೂಕಿನಲ್ಲಿ ಪ್ರಯೋಗವಾಗಿ ಶುರುವಾಯಿತು. ಅಲ್ಲಿ ನಡೆದು ತೋರಿಸಿದ್ದು ಇವತ್ತು ಹಳ್ಳಿ ಹಳ್ಳಿಯಲ್ಲಿದೆ. ಗಣಿತದ ತರಗತಿಯನ್ನೂ ಹಾಗೆಯೇ ಒಂದು ತಾಲ್ಲೂಕಿನಲ್ಲಿ, ಒಂದು ಪ್ರೌಢಶಾಲೆಯಲ್ಲಿ, ಮುಂದಿನ ನೋಂದಣಿ ಶುರುವಾಗುವ ಹೊತ್ತಿಗೆ ಆರಂಭಿಸಿ. ಒಂದು ವರ್ಷ ನಡೆಸಿ, ಆ ತರಗತಿಗೆ ಬಂದವರು ಹೇಗೆ ಬರೆದರು, ಬಾರದವರು ಹೇಗೆ ಬರೆದರು ಎಂದು ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಮುಂದಿನದನ್ನು ತೀರ್ಮಾನಿಸಿ.

ನಮ್ಮ ವೃತ್ತದಿಂದ ಬರಲು ಸಿದ್ಧರಿರುವ ಸಹಾಯಕಿಯರ ಹೆಸರುಗಳನ್ನು ಬರೆದಿಟ್ಟುಕೊಂಡಿದ್ದೇನೆ, ಕೇಳಿದ ದಿನ ಕೊಡುತ್ತೇನೆ. ತ್ರಿಕೋನಮಿತಿ ನನಗೆ ಇನ್ನೂ ತಿಳಿದಿಲ್ಲ. ಮೊದಲ ಭಾನುವಾರ ಅಲ್ಲಿಂದಲೇ ಕೇಳಬೇಕೆಂದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಂಗನವಾಡಿ ಸಹಾಯಕಿ,
ಮೈಸೂರು ಜಿಲ್ಲೆ